ಇನ್ನೊಬ್ಬರ ನೋವು

ಗಸಗಸೆ ಪಾಯಸ ಉಂಡವರಿಗೆ ಹಗಲುನಿದ್ದೆ ತಪ್ಪದು ಎಂಬುದು ನಮ್ಮ ಕಡೆಯ ಹಳೆಯ ಮಾತು. ಮದುವೆಯೂಟ ಮುಗಿಸಿ ಚಪ್ಪರದ ಮೂಲೆಯಲ್ಲಿ ತೂಕಡಿಸುವ ಹಿರಿಯರನ್ನು ಕಂಡಾಗ ನಾವು ತಪ್ಪನ್ನು ಪಾಯಸದ ಮೇಲೆ ಹಾಕುತ್ತೇವೆಯೇ ಹೊರತು, ಅವರು ಉಂಡ ಅನ್ನದ ಮೇಲಲ್ಲ. ಆದರೂ ಆ ಮಾತಿನಲ್ಲಿ ಒಂದೆಳೆ ಸತ್ಯವುಂಟು. ಗಸಗಸೆ ಎಂದರೆ ಅಫೀಮಿನ ಗಿಡದ ಬೀಜ. ಬೀಜದಲ್ಲಿ ಅಮಲು ಇಲ್ಲವೆನ್ನುವಷ್ಟು ಕಡಿಮೆ. ಎಳೆಗಾಯಿಯನ್ನು ಗೀರಿದಾಗ ಒಸರುವ ಹಾಲಿನಲ್ಲಿ ಅದು ಇರುವುದು. ಇಷ್ಟಿದ್ದೂ ಕೊಲ್ಲಿಯ ಕೆಲವು ದೇಶಗಳಲ್ಲಿ ಗಸಗಸೆಗೂ ಪ್ರವೇಶವಿಲ್ಲ. ಬಜಪೆಯಿಂದ ವಿಮಾನವೇರುವ ಮಗನ ಪೆಟ್ಟಿಗೆಯಲ್ಲಿ ಹಪ್ಪಳ, ಉಪ್ಪಿನಕಾಯಿ ತುಂಬುವ ತಾಯಂದಿರು ಗಸಗಸೆಯ ಪೊಟ್ಟಣವೊಂದನ್ನು ಮಾತ್ರ ಹೊರಗಿಡಬೇಕಾಗುತ್ತದೆ. ಗಿಡ ಒಂದೇ, ಒಂದು ಕಡೆ ಪಾಯಸ, ಇನ್ನೊಂದು ಕಡೆ ಸೆರೆಮನೆ. ಮೂರನೆಯ ಕಡೆಯೂ ಒಂದಿದೆ. ಅದು ರೋಗಿಯ ಹಾಸಿಗೆಯ ಪಕ್ಕ. ನಾನು ಬರೆಯಹೊರಟಿರುವುದು ಅದರ ವಿಷಯ.

ನಾನು ವೈದ್ಯನಲ್ಲ. ಹೈಸ್ಕೂಲಿನ ಮಕ್ಕಳಿಗೆ ಗಣಿತ ಹೇಳಿಕೊಟ್ಟು ನಿವೃತ್ತನಾದವನು. ಈ ವಿಷಯದಲ್ಲಿ ನನಗೆ ತಿಳಿದಿರುವುದು, ತಿಳಿಯಬೇಕಾಗಿದ್ದ ಹೊತ್ತು ಕಳೆದ ಮೇಲೆ ಓದಿ ತಿಳಿದದ್ದು.

1978ರ ಆಷಾಢ. ಭಾವ ಮುಂಬಯಿಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದರು. ಅಕ್ಕ ಮಕ್ಕಳೊಡನೆ ಜೆಪ್ಪಿನ ನಮ್ಮ ಮನೆಯಲ್ಲಿ ಇದ್ದಳು. ಸಂಜೆಯಿಂದ ಹೊಟ್ಟೆನೋವು ಎನ್ನುತ್ತಿದ್ದವಳು ರಾತ್ರಿ ಹನ್ನೊಂದಕ್ಕೆ ಮಗ್ಗುಲಿಗೆ ಮಡಚಿಕೊಂಡು ಮಲಗಿದಳು. ಅಮ್ಮ ಓಮದ ಕಷಾಯ ಮಾಡಿ ಕೊಟ್ಟರು, ಹೊಕ್ಕುಳಿಗೆ ಇಂಗು ಹಚ್ಚಿದರು. ಮಧ್ಯರಾತ್ರಿಯ ಮೇಲೆ ಸುರಿಯುವ ಮಳೆಯಲ್ಲಿ ಪಕ್ಕದ ಮನೆಯವರ ಅಂಬಾಸಿಡರಿನಲ್ಲಿ ಅವಳನ್ನು ನಗರದ ಒಂದು ಆಸ್ಪತ್ರೆಗೆ ಒಯ್ದೆವು. ಅಲ್ಲಿದ್ದ ಎಳೆಯ ಡಾಕ್ಟರರು ಪರೀಕ್ಷಿಸಿ, ಶಸ್ತ್ರವೈದ್ಯರು ಬೆಳಿಗ್ಗೆ ಬರುವವರೆಗೆ ನೋವಿಗೆ ಏನೂ ಕೊಡುವಂತಿಲ್ಲ ಎಂದರು. ಕ್ರೌರ್ಯದಿಂದ ಹೇಳಿದ್ದಲ್ಲ, ಅವರ ಮುಖವೂ ಬಾಡಿತ್ತು. “ಮಾರ್ಫಿನ್ ಕೊಟ್ಟರೆ ನೋವು ಇಳಿಯುತ್ತದೆ. ಆದರೆ ನೋವಿನ ಜೊತೆಗೆ ರೋಗದ ಗುರುತೂ ಅಳಿಸಿಹೋಗುತ್ತದೆ. ದೊಡ್ಡ ಡಾಕ್ಟ್ರು ಬಂದಾಗ ಹೊಟ್ಟೆ ಅವರಿಗೆ ಏನನ್ನೂ ಹೇಳುವುದಿಲ್ಲ” ಎಂದರು. ಆ ಮಾತು ನನಗೆ ಬಹಳ ಯುಕ್ತವಾಗಿ ಕಂಡಿತು. ಗಣಿತದವನಿಗೆ ಸಾಕ್ಷ್ಯದ ಮೇಲೆ ಗೌರವ. ಅಕ್ಕನ ಬಳಿ ಹೋಗಿ, “ಸ್ವಲ್ಪ ಸಹಿಸಿಕೊ, ನಿನ್ನ ಒಳ್ಳೆಯದಕ್ಕೇ” ಎಂದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಸುಮಾರು ಐದು ಗಂಟೆ ಸಹಿಸಿದಳು. ಅಪೆಂಡಿಕ್ಸಿಗೆ ಉರಿಯೂತವಾಗಿತ್ತು. ಶಸ್ತ್ರಕ್ರಿಯೆಯಾಗಿ ಗುಣವಾದಳು. ಎಲ್ಲರೂ ಡಾಕ್ಟರರನ್ನು ಹೊಗಳಿದೆವು, ಅಕ್ಕನ ತಾಳ್ಮೆಯನ್ನೂ ಹೊಗಳಿದೆವು.

ಆ ಎಳೆಯ ಡಾಕ್ಟರರು ಹೇಳಿದ್ದು ಅವರ ಸ್ವಂತದ ಮಾತಲ್ಲ. ಇಂಗ್ಲೆಂಡಿನ ಶಸ್ತ್ರವೈದ್ಯ ಜ಼ಾಕರಿ ಕೋಪ್ 1921ರಲ್ಲಿ ಹೊಟ್ಟೆಯ ತೀವ್ರ ನೋವಿನ ನಿದಾನದ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದರು. ಎರಡು ಮೂರು ತಲೆಮಾರಿನ ವೈದ್ಯ ವಿದ್ಯಾರ್ಥಿಗಳಿಗೆ ಅದು ಗುರುಸ್ಥಾನದಲ್ಲಿತ್ತು. ರೋಗ ಯಾವುದೆಂದು ಗೊತ್ತಾಗುವ ಮುನ್ನ ಮಾರ್ಫಿನ್ ಕೊಡುವುದು ಅಪಾಯ ಎಂಬ ಎಚ್ಚರಿಕೆ ಅದರಲ್ಲಿತ್ತು. ರಕ್ತಪರೀಕ್ಷೆಯೂ ಕಿರಣಚಿತ್ರವೂ ಅಷ್ಟಾಗಿ ನೆರವಾಗದಿದ್ದ ಕಾಲ. ವೈದ್ಯನ ಬೆರಳು, ರೋಗಿಯ ಮುಖ — ಇವೆರಡೇ ಆಧಾರ. ಅಂದಿಗೆ ಅದು ವಿವೇಕವೇ ಆಗಿದ್ದಿರಬಹುದು. ಆದರೆ ಅಂದಿನ ವಿವೇಕ ಎಂದೆಂದಿಗೂ ನಿಯಮವಾಗಿ ನಿಂತಿತು. ಅದು ನಿಜವೋ ಎಂದು ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಅಫೀಮಿನ ಔಷಧ ಕೊಟ್ಟು ಇನ್ನೊಂದಕ್ಕೆ ಬರಿಯ ಉಪ್ಪುನೀರು ಚುಚ್ಚಿ ನೋಡಿದ ಪರೀಕ್ಷೆಯೊಂದು ಬ್ರಿಟಿಷ್ ವೈದ್ಯ ಪತ್ರಿಕೆಯಲ್ಲಿ ಪ್ರಕಟವಾಗಲು 1992 ಬರಬೇಕಾಯಿತು. ನೋವು ಇಳಿದವರಲ್ಲಿ ನಿದಾನ ತಪ್ಪಲಿಲ್ಲ. ಆಮೇಲೆ ನಡೆದ ಪರೀಕ್ಷೆಗಳೂ ಹೆಚ್ಚುಕಡಿಮೆ ಅದನ್ನೇ ಹೇಳಿದವು. ನೋವು ತಗ್ಗಿದರೂ ಉರಿಯೂತವಾದ ಜಾಗವನ್ನು ಒತ್ತಿದಾಗ ರೋಗಿ ಮುಖ ಹಿಂಡುತ್ತಾನೆ. ಅಷ್ಟೇ ಅಲ್ಲ, ಹೊಟ್ಟೆ ಸಡಿಲಾಗಿರುವುದರಿಂದ ವೈದ್ಯನ ಕೈಗೆ ಒಳಗಿನದು ಇನ್ನೂ ಚೆನ್ನಾಗಿ ತಿಳಿಯುವುದೂ ಉಂಟು.

ಎಂದರೆ, ಅಕ್ಕನ ಆ ಐದು ಗಂಟೆಗಳಿಂದ ಯಾರಿಗೂ ಏನೂ ಲಾಭವಾಗಿರಲಿಲ್ಲ. ಇದನ್ನು ನಾನು ಓದಿದ್ದು ಅವಳು ತೀರಿಕೊಂಡ ಮೇಲೆ.

ನೋವು ದೂತ, ದೂತನನ್ನು ಕೊಲ್ಲಬಾರದು ಎಂಬ ವಾದವಿದೆಯಲ್ಲ, ಅದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಅದರ ಸಾಕ್ಷ್ಯ ನಮ್ಮ ಊರಿನಲ್ಲೇ ಇದೆ. ಕಂಕನಾಡಿಯಲ್ಲಿ 1880ರಲ್ಲಿ ಒಂದು ಮರದಡಿಯಿಂದೆಂಬಂತೆ ಹೋಮಿಯೋಪಥಿ ಔಷಧ ಹಂಚತೊಡಗಿದ ಜರ್ಮನ್ ಪಾದ್ರಿ ಅಗಸ್ಟಸ್ ಮುಲ್ಲರರು 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿಸಿದರು. ಇಂದು ದೊಡ್ಡ ವೈದ್ಯಕೀಯ ಕಾಲೇಜಾಗಿ ಬೆಳೆದಿರುವ ಸಂಸ್ಥೆಯ ಬೇರುಗಳಲ್ಲಿ ಅದೂ ಒಂದು. ಚಿಕ್ಕಂದಿನಲ್ಲಿ ಬೆರಳಿಲ್ಲದ ಕೈಗಳನ್ನು ಕಂಡು ನಾವು ಹೆದರುತ್ತಿದ್ದೆವು. ರೋಗ ಬೆರಳನ್ನು ತಿಂದುಬಿಡುತ್ತದೆಂದು ದೊಡ್ಡವರು ಹೇಳುತ್ತಿದ್ದರು. ಅದು ತಪ್ಪೆಂದು ತೋರಿಸಿಕೊಟ್ಟವರಲ್ಲಿ ಮುಖ್ಯರು ವೆಲ್ಲೂರಿನ ಆಸ್ಪತ್ರೆಗೆ 1946ರಲ್ಲಿ ಬಂದ ಪಾಲ್ ಬ್ರಾಂಡ್. ಬೆರಳನ್ನು ತಿನ್ನುವುದು ರೋಗವಲ್ಲ; ರೋಗ ಕೊಲ್ಲುವುದು ನರವನ್ನು. ನೋವು ತಿಳಿಯದ ಕೈ ಕಾದ ಪಾತ್ರೆಯನ್ನು ಹಿಡಿಯುತ್ತದೆ, ಮುಳ್ಳು ಹೊಕ್ಕ ಕಾಲಿನಲ್ಲೇ ಮೈಲಿಗಟ್ಟಲೆ ನಡೆಯುತ್ತದೆ; ಗಾಯದ ಮೇಲೆ ಗಾಯವಾಗಿ ಅಂಗ ಸವೆಯುತ್ತದೆ. ಬ್ರಾಂಡರು ಮುಂದೆ ಅಮೆರಿಕದಲ್ಲಿದ್ದಾಗ ಇಂಥವರಿಗೆ ಕೃತಕವಾದೊಂದು ನೋವನ್ನು ಮಾಡಿಕೊಡಲು ಹೊರಟರು. ಕೈಗವಸಿನಲ್ಲಿ ಒತ್ತಡ ಅಳೆಯುವ ಸೂಕ್ಷ್ಮ ಯಂತ್ರ. ಅಪಾಯವಾದಾಗ ಮೊದಲು ಶಬ್ದ, ಅದು ಸಾಲದೆ ವಿದ್ಯುತ್ತಿನ ಚುರುಕು. ರೋಗಿಗಳು ಏನು ಮಾಡಿದರು ಗೊತ್ತೇ? ಕಷ್ಟದ ಕೆಲಸವೊಂದು ಮಾಡಬೇಕಾದಾಗ ಗುಂಡಿಯೊತ್ತಿ ಆ ಯಂತ್ರವನ್ನು ನಿಲ್ಲಿಸಿ, ಕೆಲಸ ಮುಗಿಸಿ, ಮತ್ತೆ ಹಾಕಿಕೊಂಡರು! ನಾವೆಲ್ಲರೂ ಹಾಗೆಯೇ ಮಾಡುತ್ತಿದ್ದೆವು. ನಿಲ್ಲಿಸಬಹುದಾದ ನೋವು ನೋವಲ್ಲ. ಬ್ರಾಂಡರು ಆ ಪ್ರಯತ್ನವನ್ನೇ ಕೈಬಿಟ್ಟರು.

ಆದರೆ ಈ ವಾದ ಕೈಯ ಬೆರಳಿಗೆ ಹೊಂದಿದಷ್ಟು ಕರುಳಿಗೆ ಹೊಂದುವುದಿಲ್ಲ. ಬೆರಳಿಗೆ ಮುಳ್ಳು ಚುಚ್ಚಿದರೆ ಕಣ್ಣುಮುಚ್ಚಿಯೂ ಜಾಗ ತೋರಿಸಬಲ್ಲೆವು, ಕೈ ಹಿಂದೆಳೆದುಕೊಳ್ಳಬಲ್ಲೆವು. ಒಳಾಂಗಗಳಲ್ಲಿ ಸಂವೇದನೆಯ ನರಗಳು ವಿರಳ. ಅವು ಬೆನ್ನುಹುರಿಯನ್ನು ಸೇರುವಲ್ಲಿ ಚರ್ಮದಿಂದ ಬರುವ ನರಗಳೊಡನೆ ಒಂದೇ ದಾರಿಯನ್ನು ಹಂಚಿಕೊಳ್ಳುತ್ತವೆ. ಆದುದರಿಂದ ಮೆದುಳಿಗೆ ವಿಳಾಸ ತಪ್ಪುತ್ತದೆ: ಹೃದಯದ ನೋವು ಎಡತೋಳಿಗೆ ಬರುತ್ತದೆ, ಅಪೆಂಡಿಕ್ಸಿನ ನೋವು ಮೊದಲಿಗೆ ಹೊಕ್ಕುಳ ಸುತ್ತ ಕಾಣಿಸಿಕೊಂಡು ಆಮೇಲೆ ಬಲಗೆಳಗಿಗೆ ಇಳಿಯುತ್ತದೆ. ಕರುಳನ್ನು ಕೊಯ್ದರೂ ಸುಟ್ಟರೂ ಅದಕ್ಕೆ ತಿಳಿಯದು. ಉಬ್ಬಿದರೆ, ಸೆಳೆದರೆ, ಉರಿಯೂತವಾದರೆ ಬೊಬ್ಬೆಯಿಡುತ್ತದೆ. ಆರೋಗ್ಯವಿರುವಷ್ಟು ಕಾಲ ತುಟಿಪಿಟಕ್ಕೆನ್ನದ ನರಗಳೂ ಅಲ್ಲಿ ಇವೆಯಂತೆ; ಉರಿಯೂತ ಬಂದಾಗ ಅವೂ ಎಚ್ಚೆತ್ತು ಗುಂಪಿಗೆ ಸೇರುತ್ತವೆ. ಆಗ ಗುಟುಕು ಗಂಜಿ ಇಳಿದರೂ ಶೂಲೆ. ಇಂಥ ದೂತ ತರುವ ಸುದ್ದಿ ಅಸ್ಪಷ್ಟ, ವಿಳಾಸ ತಪ್ಪು, ಧ್ವನಿ ಮಾತ್ರ ಕಿವಿಗಡಚಿಕ್ಕುವಂಥದು. ಇದಕ್ಕಿಂತಲೂ ಮುಖ್ಯವಾದುದು, ಸುದ್ದಿ ಕೇಳಿದವನು ಮಾಡಬಹುದಾದುದು ಏನೂ ಇಲ್ಲ. ಹೊಟ್ಟೆಯನ್ನು ಹಿಂದೆಳೆದುಕೊಳ್ಳಲು ಬರುತ್ತದೆಯೇ?

ಇನ್ನು, ದೇಹ ತಾನಾಗಿ ಏನು ಮಾಡುತ್ತದೆ ಎಂಬುದನ್ನು ನೋಡಬೇಕು. ಇಲ್ಲಿ ನನಗೆ ನಿಜವಾಗಿ ಆಶ್ಚರ್ಯವಾದ ಸಂಗತಿಯಿದೆ. ಅಫೀಮಿನಿಂದ ಮಾರ್ಫಿನನ್ನು ಬೇರ್ಪಡಿಸಿದ್ದು ಸೆರ್ಟ್ಯೂರ್ನರ್ ಎಂಬ ಜರ್ಮನ್ ಔಷಧಿಕಾರ, 19ನೆಯ ಶತಮಾನದ ಆದಿಯಲ್ಲಿ. ಅದು ಮೆದುಳನ್ನು ಮಂಕುಮಾಡಿ ನೋವನ್ನು ಮರೆಸುತ್ತದೆ ಎಂದೇ ಬಹುಕಾಲ ನಂಬಿದ್ದರು. 1973ರಲ್ಲಿ, ಅಫೀಮಿನ ಅಣು ಹೋಗಿ ಕೂರುವ ಗೂಡುಗಳು ನರಗಳಲ್ಲಿ ಮೊದಲೇ ಇವೆ ಎಂದು ಗೊತ್ತಾಯಿತು. ಗಸಗಸೆಯ ಗಿಡಕ್ಕಾಗಿ ಮನುಷ್ಯನ ದೇಹ ಗೂಡು ಕಟ್ಟಿಕೊಂಡು ಕಾಯುತ್ತಿರುವುದುಂಟೇ? 1975ರಲ್ಲಿ ಸ್ಕಾಟ್ಲೆಂಡಿನ ಆಬರ್ಡೀನಿನಲ್ಲಿ ಹ್ಯೂಸ್ ಮತ್ತು ಕೋಸ್ಟರ್‌ಲಿಟ್ಜ್ ಎಂಬಿಬ್ಬರು ಹಂದಿಯ ಮೆದುಳಿನಿಂದ ದೇಹದ ಸ್ವಂತ ಅಫೀಮನ್ನು ತೆಗೆದು ತೋರಿಸಿದರು. ನಮ್ಮೊಳಗೇ ಒಂದು ಗಸಗಸೆಯ ಹೊಲವಿದೆ ಎಂದ ಹಾಗಾಯಿತು.

ಮುಂದಿನ ಹೆಜ್ಜೆ ಇನ್ನೂ ಸ್ವಾರಸ್ಯ. ಜರ್ಮನಿಯ ಕ್ರಿಸ್ಟೋಫ್ ಸ್ಟೈನ್ ಮತ್ತು ಅವರ ಜೊತೆಗಾರರು, ಆ ಗೂಡುಗಳು ಮೆದುಳು, ಬೆನ್ನುಹುರಿಗಳಲ್ಲಿ ಮಾತ್ರವಲ್ಲ, ನೋವಿನ ನರದ ಹೊರತುದಿಯಲ್ಲೂ ಇವೆಯೆಂದು ತೋರಿಸಿದರು. ಬೆನ್ನುಹುರಿಯ ಮಗ್ಗುಲಲ್ಲಿರುವ ನರಗಂಟಿನಲ್ಲಿ ಅವು ತಯಾರಾಗಿ ತಂತುವಿನುದ್ದಕ್ಕೂ ಸಾಗಿ ತುದಿಗೆ ಬರುತ್ತವೆ. ಎಲ್ಲಿ ಉರಿಯೂತವಾಗಿದೆಯೋ ಅಲ್ಲಿಗೆ ಹೆಚ್ಚು ಹೆಚ್ಚಾಗಿ ಬರುತ್ತವೆ. ನರವನ್ನು ಸುತ್ತಿರುವ ಹೊದಿಕೆಯೂ ಅಲ್ಲಿ ಸಡಿಲಾಗಿ, ಔಷಧ ಒಳಹೋಗಲು ಬಾಗಿಲು ತೆರೆದಂತಾಗುತ್ತದೆ. ಅದೇ ಹೊತ್ತಿಗೆ, ರೋಗದೊಡನೆ ಕಾದಾಡಲು ಅಲ್ಲಿ ನೆರೆಯುವ ಬಿಳಿಯ ರಕ್ತಕಣಗಳಿವೆಯಲ್ಲ, ಅವು ಆಯುಧದ ಜೊತೆಗೆ ಎಂಡಾರ್ಫಿನ್ ಎಂಬ ದೇಹದ ಅಫೀಮನ್ನೂ ಹೊತ್ತು ತರುತ್ತವೆ. ಆ ತುದಿಗೇ ಅದನ್ನು ಸುರಿಯುತ್ತವೆ. ಮೊಣಕಾಲಿನ ಶಸ್ತ್ರಕ್ರಿಯೆಯಾದವರಿಗೆ ಕೀಲಿನೊಳಗೇ ಅತ್ಯಲ್ಪ ಮಾರ್ಫಿನ್ ಚುಚ್ಚಿದರೆ ನೋವು ಇಳಿಯುತ್ತದೆಂದು 1991ರಲ್ಲಿ ಅವರು ಪ್ರಕಟಿಸಿದರು. ಕರುಳಿನ ಮೇಲಿನ ಕೆಲಸ ಹೆಚ್ಚಾಗಿ ಇಲಿಗಳಲ್ಲಿ ನಡೆದದ್ದು: ಉರಿಯೂತವಾದ ದೊಡ್ಡ ಕರುಳಿಗೆ ಬರುವ ರಕ್ತಕಣಗಳೂ ಇದೇ ಔಷಧವನ್ನು ಒಸರಿ ಅಲ್ಲಿನ ನರಗಳ ಕೂಗನ್ನು ತಗ್ಗಿಸುತ್ತವೆ. 2017ರಲ್ಲಿ ಅದೇ ಬರ್ಲಿನ್ ತಂಡದವರು, ಉರಿಯೂತದ ಜಾಗದಲ್ಲಿ ಆಮ್ಲ ಹೆಚ್ಚಿರುತ್ತದೆ ಎಂಬುದನ್ನು ಹಿಡಿದುಕೊಂಡು, ಅಂಥ ಆಮ್ಲದಲ್ಲಿ ಮಾತ್ರ ಕೆಲಸಮಾಡಿ ಆರೋಗ್ಯವಂತ ಕರುಳನ್ನೂ ಮೆದುಳನ್ನೂ ಮುಟ್ಟದ ಒಂದು ಅಣುವನ್ನು ಇಲಿಗಳಲ್ಲಿ ಪರೀಕ್ಷಿಸಿದರು. ಇದು ಪ್ರಯೋಗಶಾಲೆಯ ಮಾತು, ಹಂಪನಕಟ್ಟೆಯ ಔಷಧದಂಗಡಿಯ ಮಾತಲ್ಲ. ಅಂಗಡಿಯ ಉದಾಹರಣೆಯೇ ಬೇಕೆಂದರೆ, ಭೇದಿಗೆ ನಾವು ತೆಗೆದುಕೊಳ್ಳುವ ಲೋಪೆರಮೈಡ್ ಮಾತ್ರೆ ಇದೆ. ಅದೂ ಅಫೀಮಿನ ಬಳಗದ್ದೇ. ಮೆದುಳಿನ ಬಾಗಿಲು ಅದಕ್ಕೆ ಮುಚ್ಚಿರುವುದರಿಂದ ಕರುಳಿನಲ್ಲೇ ತನ್ನ ಕೆಲಸ ಮುಗಿಸುತ್ತದೆ.

ಇದನ್ನೆಲ್ಲ ಓದಿ ನನಗನಿಸಿದ್ದು ಇಷ್ಟು. ಗಂಟೆ ಬಾರಿಸುವುದೂ ದೇಹವೇ, ಬಾರಿಸಿಯಾದ ಮೇಲೆ ಗಂಟೆಗೆ ಬಟ್ಟೆ ಸುತ್ತುವುದೂ ದೇಹವೇ. ನೋವನ್ನು ಪೂರ್ತಿಯಾಗಿ ಅನುಭವಿಸಿಯೇ ತೀರಬೇಕು ಎಂಬ ಸಿದ್ಧಾಂತ ದೇಹದ್ದಲ್ಲ. ಅದನ್ನು ಕಟ್ಟಿದವರು ನಾವು, ಅದರಲ್ಲೂ ಹಾಸಿಗೆಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತವರು.

ಹಾಗೆಂದು ಅಫೀಮಿನ ಭಯ ಬರಿಯ ಮೂರ್ಖರ ಭಯವಲ್ಲ. ಅದಕ್ಕಾಗಿ ಚೀನದ ಮೇಲೆ ಯುದ್ಧ ಹೂಡಿದ ಇಂಗ್ಲಿಷರ ಹಡಗುಗಳಲ್ಲಿ ಹೋದ ಸರಕು ನಮ್ಮ ದೇಶದ್ದು; ಗಾಜೀಪುರದ ಕಾರ್ಖಾನೆ ಅವರ ಕಾಲದಿಂದ ಇಂದಿನವರೆಗೂ ಇದೆ. ಅಮೆರಿಕದಲ್ಲಿ ಕಳೆದ ಶತಮಾನದ ಕೊನೆಯಿಂದ ಕಂಪೆನಿಗಳ ಪ್ರಚಾರಕ್ಕೆ ಮರುಳಾಗಿ ಸಣ್ಣಪುಟ್ಟ ನೋವಿಗೂ ಈ ಮಾತ್ರೆಗಳನ್ನು ಬರೆದು, ಅದು ಲಕ್ಷಾಂತರ ಜನರ ಪ್ರಾಣಕ್ಕೆ ಬಂತು. ಕರುಳಿನ ಮಟ್ಟಿಗಂತೂ ಈ ಔಷಧ ಪೂರ್ತಿ ಮಿತ್ರನಲ್ಲ: ಮಲಬದ್ಧತೆ ತರುತ್ತದೆ, ವರ್ಷಗಟ್ಟಲೆ ತೆಗೆದುಕೊಂಡ ಕೆಲವರಲ್ಲಿ ಹೊಟ್ಟೆನೋವು ಇಳಿಯುವ ಬದಲು ಏರುವುದೂ ಉಂಟು. ಆದರೆ ಭಯದ ಇನ್ನೊಂದು ಮುಖವನ್ನೂ ನೋಡಬೇಕು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರಕಾರದ ಪರವಾನಗಿಯಿಂದ ಅಫೀಮು ಬೆಳೆಯುವ ದೇಶ ನಮ್ಮದು. 1985ರ ಮಾದಕವಸ್ತು ಕಾನೂನಿನ ಕಟ್ಟುನಿಟ್ಟಿಗೆ ಹೆದರಿ ಮಾರ್ಫಿನನ್ನೇ ಇಡದ ಆಸ್ಪತ್ರೆಗಳು ಎಷ್ಟೋ ಆದವು. ಒಂದು ಚೀಟಿಗೆ ಹಲವು ಇಲಾಖೆಗಳ ಮುದ್ರೆ ಬೇಕಾಗಿತ್ತು. 2014ರಲ್ಲಿ ತಿದ್ದುಪಡಿಯಾಗಿ ದಾರಿ ಸ್ವಲ್ಪ ಸರಾಗವಾಯಿತು. ಹೊಲ ನಮ್ಮದು, ನರಳಾಟವೂ ನಮ್ಮದು, ನಡುವೆ ಕಡತ.

ನಾನು ಸರಕಾರವನ್ನು ಬಯ್ಯಲು ಕುಳಿತವನಲ್ಲ. ನನ್ನ ಮನೆಯಲ್ಲಿ ಆ ಕಡತದ ಕೆಲಸವನ್ನು ನಾನೇ ಮಾಡಿದೆ.

2011ರಲ್ಲಿ ಅಕ್ಕನಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದಾಯಿತು. ಭಾವ ಹೋಗಿ ಐದು ವರ್ಷವಾಗಿತ್ತು, ಮಕ್ಕಳಿಬ್ಬರೂ ಪರದೇಶದಲ್ಲಿ. ಅವಳು ನಮ್ಮ ಮನೆಗೇ ಬಂದಳು. ಆ ಗ್ರಂಥಿಯ ಬೆನ್ನಿಗೇ ನರಗಳ ದೊಡ್ಡ ಜಾಲವಿದೆ. ನೋವು ಹೊಟ್ಟೆಯಿಂದ ಬೆನ್ನಿಗೆ ತೂತು ಕೊರೆದಂತೆ ಎನ್ನುತ್ತಿದ್ದಳು. ನಗರದ ಒಂದು ಆಸ್ಪತ್ರೆಯ ಡಾಕ್ಟರರು ಮಾರ್ಫಿನ್ ಮಾತ್ರೆ ಬರೆದು, ಹದಿನಾಲ್ಕು ದಿನಕ್ಕಾಗುವಷ್ಟು ಕೊಟ್ಟು, ನನಗೆ ಎರಡೆರಡು ಸಲ ಹೇಳಿದರು: “ಮಾಸ್ಟ್ರೇ, ನಾಲ್ಕು ಗಂಟೆಗೊಮ್ಮೆ. ನೋವು ಬರಲಿ ಆಮೇಲೆ ಕೊಡುವ ಎಂದು ಕಾಯಬೇಡಿ. ಬರುವ ಮೊದಲೇ ಕೊಡಬೇಕು.” ತಲೆಯಾಡಿಸಿದೆ. ಮನೆಗೆ ಬಂದು ಮಾತ್ರೆಗಳನ್ನು ನನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಆರು ಗಂಟೆಗೊಂದರಂತೆ ಕೊಟ್ಟೆ.

ಯಾಕೆ? ಅಕ್ಕ ಅಮಲಿಗೆ ಬೀಳುತ್ತಾಳೆಂದು. ಹೆಚ್ಚೆಂದರೆ ಕೆಲವು ತಿಂಗಳು ಬದುಕುವವಳು ಯಾವ ಅಮಲಿಗೆ ಬಿದ್ದರೆ ಯಾರಿಗೆ ನಷ್ಟ ಎಂದು ನಾನು ಕೇಳಿಕೊಳ್ಳಲಿಲ್ಲ. ಈಗಲೇ ಕೊಟ್ಟುಬಿಟ್ಟರೆ ಮುಂದೆ ನೋವು ಹೆಚ್ಚಾದಾಗ ಕೊಡಲು ಏನೂ ಉಳಿಯದೆಂಬ ಲೆಕ್ಕವೂ ಇತ್ತು. ಮಾರ್ಫಿನಿನ ಪ್ರಮಾಣವನ್ನು ಬೇಕಾದಂತೆ ಏರಿಸಬಹುದೆಂದು ಡಾಕ್ಟರರು ಹೇಳಿದ್ದು ನನ್ನ ಕಿವಿಯ ಮೇಲೆ ಬಿದ್ದು ಜಾರಿಹೋಗಿತ್ತು. ಇವೆಲ್ಲಕ್ಕಿಂತ ಒಳಗೆ ಇನ್ನೊಂದಿತ್ತು. ನಮ್ಮ ಅಕ್ಕ ಗಟ್ಟಿಗಿತ್ತಿ ಎಂಬ ಹೆಮ್ಮೆ. 1978ರಲ್ಲಿ ಸೆರಗು ಕಚ್ಚಿ ಸಹಿಸಿದವಳು ಈಗಲೂ ಸಹಿಸುತ್ತಾಳೆ ಎಂಬ ಭರವಸೆ. ಇನ್ನೊಬ್ಬರ ತಾಳ್ಮೆಯನ್ನು ನಾವು ಎಷ್ಟು ಧಾರಾಳವಾಗಿ ಖರ್ಚು ಮಾಡುತ್ತೇವೆ!

ನಮ್ಮ ಕಾರ್ಕಳ, ಮೂಡುಬಿದಿರೆಗಳ ಜೈನರಲ್ಲಿ ಸಲ್ಲೇಖನವೆಂಬ ವ್ರತವಿದೆ. ಆಹಾರವನ್ನು ಬಿಟ್ಟು, ದೇಹದ ಬಾಧೆಯನ್ನು ಸಮಚಿತ್ತದಿಂದ ನೋಡುತ್ತ ಹೋಗುವುದು. ಅದನ್ನು ಒಪ್ಪುವುದು ಬಿಡುವುದು ಬೇರೆ ಮಾತು; ಅಲ್ಲಿ ಸಂಕಲ್ಪ ಮಾಡುವವನು ತಾನೇ. ಅಣ್ಣನ ಪರವಾಗಿ ತಮ್ಮ ಉಪವಾಸದ ಸಂಕಲ್ಪ ಮಾಡಿದರೆ ಅದನ್ನು ಯಾರೂ ವ್ರತವೆನ್ನುವುದಿಲ್ಲ, ಅನ್ನ ಕಸಿದದ್ದು ಎನ್ನುತ್ತಾರೆ. ಅಕ್ಕ ತಾನಾಗಿ, ‘ಬೇಡ, ನನಗೆ ಎಚ್ಚರವಾಗಿರಬೇಕು’ ಎಂದಿದ್ದರೆ ಅದು ಅವಳ ನೋವು, ಅವಳ ಹಕ್ಕು. ಅವಳು ಹಾಗೆ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಹದಿನಾಲ್ಕನೆಯ ದಿನ ಮಧ್ಯಾಹ್ನ. ಹೊತ್ತಾಗಿದೆಯೇ ಎಂದು ನಾನು ಗೋಡೆಯ ಗಡಿಯಾರ ನೋಡಿದೆ. ಇನ್ನೂ ಮುಕ್ಕಾಲು ಗಂಟೆಯಿತ್ತು. ಅಕ್ಕ ಅಷ್ಟು ಹೊತ್ತು ಗೋಡೆಯ ಕಡೆ ತಿರುಗಿದ್ದವಳು ಈಚೆ ಹೊರಳಿ, “ಗಡಿಯಾರ ಯಾಕೆ ನೋಡ್ತಿ ಮಾರಾಯಾ? ನನ್ನ ಮುಖ ನೋಡು” ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಮಗ್ಗಿ ತಪ್ಪಿದ ತಮ್ಮನಿಗೆ ತಿದ್ದಿಕೊಟ್ಟ ಹಾಗೆ ಹೇಳಿದಳು. ನೋಡಿದೆ. ಎರಡು ವಾರದಿಂದ ಅದೇ ಕೋಣೆಯಲ್ಲಿ ಕೂತಿದ್ದವನು ಅಂದೇ ಮೊದಲು ನೋಡಿದ್ದು.

‘ಕರುಳು’ ಎಂಬ ನಮ್ಮ ಮಾತಿಗೆ ಎರಡು ಅರ್ಥ. ಹೊಟ್ಟೆಯೊಳಗಿನದೂ ಅದೇ, ಮರುಕವೂ ಅದೇ. ಇನ್ನೊಬ್ಬರ ಸಂಕಟ ಕಂಡರೆ ನಮ್ಮ ಕರುಳು ಚುರ್ರೆನ್ನುತ್ತದೆ ಎನ್ನುತ್ತೇವೆ. ಆದರೆ ನಿಜವಾಗಿ ಅವರ ನರ ನಮ್ಮ ಮೆದುಳಿನವರೆಗೆ ಬಂದಿಲ್ಲ. ಅವರ ನೋವು ನಮಗೆ ತಿಳಿಯುವ ದಾರಿ ಅವರ ಮಾತು, ಅವರ ಮುಖ, ಇನ್ನಾವುದೂ ಇಲ್ಲ. ಅಳತೆಗೋಲು ನಮ್ಮಲ್ಲಿಲ್ಲದ ವಸ್ತುವನ್ನು ಅಳೆದು ಕೊಡುವ ಅಧಿಕಾರ ಮಾತ್ರ ನಮ್ಮ ಕೈಯಲ್ಲಿ ಇರುತ್ತದೆ. ಬ್ರಾಂಡರ ರೋಗಿಗಳು ತಮ್ಮ ನೋವಿನ ಗುಂಡಿಯನ್ನು ತಾವೇ ಒತ್ತುತ್ತಿದ್ದರು. ಅಕ್ಕನ ಗುಂಡಿ ನನ್ನ ಕಪಾಟಿನಲ್ಲಿತ್ತು.

ಅಂದಿನಿಂದ ಬೀಗ ತೆಗೆದೆ. ಹೊಸ ಚೀಟಿಯ ಮಾತ್ರೆಗಳನ್ನು ಅವಳ ತಲೆದಿಂಬಿನ ಬಳಿಯೇ ಇಟ್ಟು ನಾಲ್ಕು ಗಂಟೆಗೊಮ್ಮೆ ಕೊಡತೊಡಗಿದೆ. ಅವಳು ಮಂಪರಿನಲ್ಲಿ ಮುಳುಗಿಹೋಗುತ್ತಾಳೆಂದು ಹೆದರಿದ್ದೆ. ಮೊದಲ ಎರಡು ದಿನ ಬಹಳ ನಿದ್ದೆ ಮಾಡಿದಳು, ಬಾಕಿಯಿದ್ದ ನಿದ್ದೆ. ಮೂರನೆಯ ದಿನ ರೇಡಿಯೋ ಹಾಕು ಎಂದಳು. ಮಂಗಳೂರು ಆಕಾಶವಾಣಿಯಲ್ಲಿ ತಾಳಮದ್ದಳೆ ಬರುತ್ತಿತ್ತು. ಕೃಷ್ಣನ ಅರ್ಥ ಹೇಳುತ್ತಿದ್ದವರು ಮಾತನ್ನು ಉದ್ದಮಾಡಿದಾಗ, “ಇವರಿಗೆ ಸಂಧಾನಕ್ಕೆ ಹೋಗಲಿಕ್ಕೆ ಮನಸ್ಸಿಲ್ಲ, ಭಾಷಣಕ್ಕೆ ಮಾತ್ರ ಮನಸ್ಸು” ಎಂದು ನಕ್ಕಳು. ನೋವಿದ್ದಾಗ ಅವಳು ಬರಿಯ ಹೊಟ್ಟೆಯಾಗಿದ್ದಳು. ಆ ಸಂಜೆ ಅಕ್ಕನಾಗಿದ್ದಳು. ಅಂಥ ಸಂಜೆಗಳು ಮೂವತ್ತಕ್ಕೆ ಹತ್ತಿರ ಸಿಕ್ಕಿದವು.

ಅವಳು ಹೋದ ಮೇಲೆ, ಉಳಿದ ಮಾತ್ರೆಗಳನ್ನು ಆಸ್ಪತ್ರೆಗೆ ಹಿಂದಿರುಗಿಸಬೇಕೆಂದಿದ್ದುದರಿಂದ ತೆಗೆದುಕೊಂಡು ಹೋದೆ. ಔಷಧ ವಿಭಾಗದ ಹುಡುಗಿ ಪಟ್ಟಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಟ್ಟು ಎಣಿಸಿದಳು. ಕೊನೆಯ ಚೀಟಿಯವು ಐದು. ಮೊದಲ ಚೀಟಿಯವನ್ನು ಬೇರೆ ಎಣಿಸಿ, ದಾಖಲೆ ಪುಸ್ತಕದಲ್ಲಿ ಹಳೆಯ ದಿನಾಂಕ ಹುಡುಕಿ, “84 ಕೊಟ್ಟದ್ದು, 28 ವಾಪಸು” ಎಂದು ಬರೆದು ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು. “ಸರಿ ಉಂಟಲ್ಲ ಮಾಸ್ಟ್ರೇ? ಇಲ್ಲಿ ಒಂದು ಸಹಿ ಹಾಕಿ” ಎಂದಳು. ಲೆಕ್ಕ ಸರಿಯಾಗಿತ್ತು. ಸಹಿ ಹಾಕಿದೆ.